ಒಣಗರಿ ದಿಣ್ಣೆ

ಹಾಲುಗೊಂಡಿ ಪಟ್ಟಣ ಮುಗಿದು ಬೈಪಾಸ್ ರಸ್ತೆ ತೊಡಗುವಲ್ಲಿ, ಬಣ್ಣದ ದೀಪದ ಬಾರುಗಳ ನಡುವೆ ಒಂದು ದಿಣ್ಣೆ ಮಾತ್ರ ಬೋಳಾಗಿ ಉಳಿದಿದೆ. ಎಂಥ ಜಾಗ ಅಂತೀರಿ! ಕೋಟೆಯ ಬಾಗಿಲು ನೇರ ಕಾಣುತ್ತದೆ, ಸಂಜೆಯ ಗಾಳಿಯಂತೂ ಪುಕ್ಕಟೆ. ಆದರೂ ಅಲ್ಲಿ ಅಂಗಡಿ ಹಾಕಲು ಯಾರೂ ಮುಂದಾಗಿಲ್ಲ. ಅದಕ್ಕೆ ಬೋರಕ್ಕ ಎಂಬಾಕೆ ಕಾರಣ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕೋಟೆಯೊಳಗೆ ಹೆಂಡ ಮಾರುವಂತಿರಲಿಲ್ಲವಾಗಿ ಈಚಲು ಹೆಂಡದ ಗುಡಿಸಲುಗಳೆಲ್ಲ ಊರಾಚೆ ಈ ದಿಣ್ಣೆಯ ಮೇಲಿದ್ದವು. ಬಾಗಿಲಿಗೆ ಈಚಲ ಹಸಿಗರಿ ಕಟ್ಟಿದರೆ ಅಂದಿನ ಹೆಂಡ ಇಳಿದಿದೆ ಎಂದರ್ಥ. ಅಷ್ಟೇ ಅಲ್ಲ, ಗರಿ ಹಸಿರಾಗಿರುವ ತನಕ ಒಳಗೆ ಕುಳಿತವನ ಮೈಮೇಲೆ ಪಾಳೆಯಗಾರನೂ ಕೈ ಹಾಕುವಂತಿರಲಿಲ್ಲ. ಆ ಕಾಲದ ಮರ್ಯಾದೆ ಅದು. ಬೋರಕ್ಕನ ಗಂಡ ಪಾಪಯ್ಯ, ಕುದುರೆ ಲಾಯಕ್ಕೆಂದು ಈಚಲ ವನ ಕಡಿಯಲು ಬಂದ ಪಾಳೆಯಗಾರನ ಆಳುಗಳನ್ನು ಅಟ್ಟಿ, ಹೆಂಡತಿಯ ಗುಡಿಸಲಲ್ಲೇ ಆಸರೆ ಪಡೆದಿದ್ದ. ಮುಂಜಾನೆ ಹೊಸ ಗರಿ ಬಾಗಿಲಿಗೇರಿದರೆ ಅವನ ಜೀವಕ್ಕೆ ಇನ್ನೊಂದು ದಿನ. ಗರಿ ತಂದು ಕಟ್ಟುತ್ತಿದ್ದವನು ಹೆಂಡ ಇಳಿಸುವ ಕಾಟಯ್ಯ. ಒಡಹುಟ್ಟಿದವನಲ್ಲ, ಆದರೆ ಬೋರಕ್ಕನ ಮದುವೆಯಲ್ಲಿ ಅಣ್ಣನ ಜಾಗದಲ್ಲಿ ನಿಂತವನು.

ಆ ದಿನವೂ ಅವನು ಹೊರಗಿನಿಂದಲೇ ಕೂಗಿದ: "ಗರಿ ಕಟ್ಟಿದೀನಿ ತಂಗೀ, ಮೊದಲ ಮಗೆ ನಂದು!" "ನಿಂದಲ್ದೆ ಇನ್ಯಾರ್ದಣ್ಣಾ? ನಿನ್ನ ಹೊಟ್ಟೆ ತುಂಬಿ ಊರಿಗೆ ಉಳಿದ್ರೆ ಪುಣ್ಯ" ಎಂದು ನಗುತ್ತ ಬೋರಕ್ಕ ತಟ್ಟಿಯ ಸಂದಿಯಿಂದ ಮಣ್ಣಿನ ಮಗೆ ಚಾಚಿದಳು. ತಲೆ ಹೊರಹಾಕಿ ನೋಡಲಿಲ್ಲ. ಅಣ್ಣ ಕಟ್ಟಿದ ಗರಿಯನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ಗಿರಾಕಿಗಳು ಬರುವ ಮುನ್ನವೇ ಗಾಳಿ ಎದ್ದು ಬಾಗಿಲಲ್ಲಿ ಚರಚರ ಸದ್ದಾಯಿತು. ಹಸಿಗರಿ ಹಾಗೆ ಸದ್ದು ಮಾಡುವುದಿಲ್ಲ. ಬೋರಕ್ಕ ಓಡಿ ಬರುವಷ್ಟರಲ್ಲಿ ಪಾಳೆಯಗಾರನ ಬಂಟರು ಹೊಸ್ತಿಲಲ್ಲಿದ್ದರು. "ಗರಿ ಒಣಗಿದೆ ಕಣಮ್ಮಾ, ನಮ್ಮನ್ನ ಬೈಬೇಡ" ಎಂದು ಪಾಪಯ್ಯನನ್ನು ಎಳೆದೊಯ್ದರು. ಅವನು ಮತ್ತೆ ಬರಲಿಲ್ಲ. ಅರ್ಧ ವನ ಲಾಯವಾಯಿತು. ಉಳಿದರ್ಧ ಕಾಟಯ್ಯನ ಪಾಲಾಯಿತು.

ಬಾಗಿಲ ಪಕ್ಕ ಕಾಟಯ್ಯನ ಮಗೆ ತುಂಬಿದಂತೆಯೇ ಕೂತಿತ್ತು. ಕುಡಿಯಲು ಮಾತ್ರ ಅವನಿಗೆ ಮನಸ್ಸು ಬಂದಿರಲಿಲ್ಲ. ಬೋರಕ್ಕ ಅದನ್ನು ನೆಲಕ್ಕೆ ಚೆಲ್ಲಿ ಬೋರಲು ಹಾಕಿದಳು. "ನೀನೇ ಬಂದು ಎತ್ತಣ್ಣಾ" ಎಂದಷ್ಟೇ ಹೇಳಿ ದಿಣ್ಣೆ ಇಳಿದಳಂತೆ.

ಆ ಮಗೆಯೇ ಕಲ್ಲಾಯಿತೆನ್ನುವ, ಬೋರಲು ಮಗೆಯಂಥ ಕಲ್ಲೊಂದು ಇಂದಿಗೂ ದಿಣ್ಣೆಯ ನೆತ್ತಿಯಲ್ಲಿದೆ. ಅದನ್ನು ಎತ್ತಿದವನು ಕಾಟಯ್ಯನಾದಂತೆ ಎಂದು ಯಾರೂ ಅಲ್ಲಿ ಅಂಗಡಿ ಹಾಕುವುದಿಲ್ಲ. ಸುತ್ತಲ ಬಾರಿನವರು ಹಳೇ ರೂಢಿಯಂತೆ ಬಾಗಿಲಿಗೆ ಈಚಲ ಗರಿ ಕಟ್ಟುತ್ತಾರೆ. ಒಳಹೋಗುವವರು, ಎಷ್ಟೇ ಬಾಯಾರಿರಲಿ, ಒಂದೆಲೆ ಚಿವುಟಿ ನೋಡಿಯೇ ಹೋಗುತ್ತಾರೆ. ಕಟ್ಟಿದವನು ಸ್ವಂತ ಅಣ್ಣನೇ ಆಗಿದ್ದರೂ.