ಬೂತಾಯಿಯ ಹೊಟ್ಟೆಯೊಳಗಿನ ಉತ್ತರ

ಕೋಡಿಪಟ್ಟಣದ ಕೇರಿಕೇರಿಗಳಲ್ಲಿ ಡಂಗುರ ಸಾರಿದರು: "ಅರಸುಮಗಳು ಅಬ್ಬಲದೇವಿ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಮರುದಿನವೇ ಆಕೆಯೊಡನೆ ಮದುವೆ, ಜೊತೆಗೆ ಅರ್ಧ ಕರಾವಳಿ. ತಪ್ಪಿದವನನ್ನು ಇಳಿತದ ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಯ ಕಂಬಕ್ಕೆ ಕಟ್ಟಲಾಗುವುದು. ಮುಂದಿನದು ಕಡಲಿಗೆ ಬಿಟ್ಟದ್ದು."

ಆ ರಾಜ್ಯ ಬದುಕಿದ್ದೇ ಬೂತಾಯಿ ಮೀನಿನಿಂದ. ಕಡಲನ್ನು ಬಲ್ಲವನೇ ಅಳಿಯನಾಗಬೇಕೆಂದು ಅರಸ ಸಾಂತಯ್ಯ ಹೇಳುತ್ತಿದ್ದ. ಮಗಳನ್ನು ಯಾರಿಗೂ ಕೊಡುವ ಮನಸ್ಸು ಅವನಿಗಿಲ್ಲವೆಂದು ಊರವರು ಒಳಗೊಳಗೇ ಆಡಿಕೊಳ್ಳುತ್ತಿದ್ದರು.

ಮೊದಲು ಬಂದವನು ಹಡಗಿನ ಸಾಹುಕಾರನ ಮಗ. ಅಬ್ಬಲದೇವಿ ತಲೆ ಎತ್ತದೆ ಕೇಳಿದಳು: "ಉತ್ತವರಿಲ್ಲ, ಬಿತ್ತಿದವರಿಲ್ಲ. ಮಳೆ ಬಿದ್ದ ಮೇಲೆ ಬೇರಿಲ್ಲದೆ ಬೆಳೆಯುವ ಬೆಳೆ ಯಾವುದು? ಅದನ್ನು ಹಲ್ಲಿಲ್ಲದವರು ಮೇಯುತ್ತಾರೆ."

ಅವನು ಅಣಬೆ ಎಂದ. ಉಬ್ಬರ ಏರುವಾಗ ಅವನು ತಾಯಿಯನ್ನು ಕೂಗುವುದು ಕೇಳಲಾರದೆ ದಾಸಿಯರು ಕಿಟಕಿ ಮುಚ್ಚಿದರು. ಅರಸ ಅದನ್ನು ಮತ್ತೆ ತೆಗೆಸಿದ.

ಆಮೇಲೆ ಬಂದ ದಳವಾಯಿ ಯೋಚಿಸಿ, ನೀರಿನ ಪಾಚಿ ಎಂದ. ಅರಸ ಒಪ್ಪಿಕೊಂಡ. ಅಬ್ಬಲದೇವಿ ಎರಡನೆಯದನ್ನು ಕೇಳಿದಳು: "ಊರು ಬಿಡದೆ, ಮಳೆಗಾಲದಲ್ಲಿ ಹಸಿರು ತಿಂದು, ಬೇಸಿಗೆಯಲ್ಲಿ ಜೀವ ತಿನ್ನುವವರು ಯಾರು?" ದಳವಾಯಿ ಕರಡಿ ಎಂದ. ಮರುದಿನ ಕಂಬದಲ್ಲಿದ್ದ ಅವನ ಮುಖದ ತುಂಬ ಏಡಿಗಳಿದ್ದವು.

ಆಗ ಮುಂದೆ ಬಂದವನು ದೋಣಿಯ ಕುಪ್ಪಯ್ಯ. ಅವನ ತಮ್ಮ ಜಟ್ಟಿ ಮೀನು ಸೀಳಿ ಉಪ್ಪು ಹಾಕುವವನು. ಹೋಗಬೇಡವೆಂದು ತಮ್ಮ ದಾರಿಯುದ್ದಕ್ಕೂ ಅಂಗಲಾಚಿದ. ಕುಪ್ಪಯ್ಯ ಕೇಳಲಿಲ್ಲ. ಪಾಚಿ, ಬೂತಾಯಿ ಎಂದು ಎರಡು ಒಗಟು ಬಿಡಿಸಿಯೂ ಬಿಟ್ಟ. ಮೂರನೆಯದು ಹೀಗಿತ್ತು: "ಎಲೆ ತುಂಬ ಬಡಿಸಿರುವಾಗಲೇ ಉಣ್ಣುವವರು ಎದ್ದು ಓಡುವುದು ಯಾವಾಗ? ಓಡದವರು ಕೂತಲ್ಲೇ ಸಾಯುತ್ತಾರೆ."

"ಬಲೆ ಬಿದ್ದಾಗ," ಎಂದ ಕುಪ್ಪಯ್ಯ.

ಅವನನ್ನು ಎಳೆದೊಯ್ದರು. ಜಟ್ಟಿ ಅರಸನ ಕಾಲು ಹಿಡಿದ. ಉತ್ತರ ಹೇಳಿದರೆ ಅಣ್ಣನನ್ನು ಬಿಡುತ್ತೇನೆ, ತಪ್ಪಿದರೆ ಇನ್ನೊಂದು ಕಂಬವಿದೆ ಎಂದ ಅರಸ. ಜಟ್ಟಿ ತಾನು ದಿನವೂ ಸೀಳುವ ಮೀನಿನ ಹೊಟ್ಟೆಯನ್ನು ನೆನೆದ. ಹೊರಗೆ ನೀರು ಏರತೊಡಗಿತ್ತು.

"ಕಡಲು ಕೆಂಪಾದಾಗ, ಒಡೆಯಾ."

ಅಬ್ಬಲದೇವಿ ತಟ್ಟನೆ ತಲೆ ಎತ್ತಿದಳು. "ಸರಿಯಾಗಿದೆ, ಅಪ್ಪಾಜಿ. ಹಗ್ಗ ಬಿಚ್ಚಿಸಿ."

"ಊಹೆ ಮಾಡಿದವನಿಗೆ ಮಗಳನ್ನು ಕೊಡಲಾರೆ," ಎಂದ ಅರಸ. "ಮೊದಲಿನಿಂದ ಬಿಡಿಸಿ ಹೇಳಲಿ."

ಕಿಟಕಿಯಿಂದ ಕಂಬ ಕಾಣುತ್ತಿತ್ತು. ನೀರು ಕುಪ್ಪಯ್ಯನ ಎದೆ ಮುಟ್ಟಿತ್ತು. ಜಟ್ಟಿ ತಡವರಿಸುತ್ತ ಹೇಳಿದ: ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೆದ್ದು ಕಡಲು ಹಸಿರಾಗುತ್ತದೆ, ಆ ಹಸಿರೆಲ್ಲ ಧೂಳಿನಷ್ಟು ಸಣ್ಣ ಗಿಡ, ಬೂತಾಯಿ ಅದನ್ನು ಕಿವಿರಿನಲ್ಲಿ ಜರಡಿ ಹಿಡಿದು ತಿಂದು ಕೊಬ್ಬುತ್ತದೆ.

ಅರಸ ಮೀನು ತರಿಸಿದ. ಸೀಳಿಸಿದ. ಕರುಳಿನ ಹಸಿರನ್ನು ಬೆರಳಿಗೆ ಹಚ್ಚಿಕೊಂಡು ನಿಧಾನವಾಗಿ ನೋಡಿದ. "ಬೇಸಿಗೆಯಲ್ಲಿ?"

ಮಳೆ ಹೋದ ಮೇಲೆ ಹಸಿರು ತೆಳುವಾಗುತ್ತದೆ, ಆಗ ಅದನ್ನು ತಿಂದು ಬೆಳೆದ ಸಿಗಡಿಯಂಥ ಸಣ್ಣ ಹುಳುಗಳನ್ನೇ ಬೂತಾಯಿ ತಿನ್ನುತ್ತದೆ, ಹೊಟ್ಟೆ ಕೆಂಚಗಾಗುತ್ತದೆ ಎಂದ ಜಟ್ಟಿ. "ಒಡೆಯಾ, ನೀರು ಗಂಟಲಿಗೆ ಬಂತು."

"ಇನ್ನೊಂದು ಉಳಿದಿದೆ."

"ಒಂದೊಂದು ವರ್ಷ ಆ ಧೂಳಿನಷ್ಟು ಸಣ್ಣ ಜೀವಗಳೇ ಮಿತಿಮೀರಿ ಬೆಳೆದು ಕಡಲು ಕೆಂಪಾಗುತ್ತದೆ. ಕೊಳೆತು ನಾರುತ್ತದೆ. ಬೂತಾಯಿ ಅಲ್ಲಿ ನಿಲ್ಲುವುದಿಲ್ಲ. ನಿಂತ ಮೀನು ಉಸಿರುಕಟ್ಟಿ ತೇಲುತ್ತದೆ."

ಅರಸ ಕೈ ತೊಳೆದು, ಒರೆಸಿಕೊಂಡು, ಬಿಡಿಸಿ ಎಂದು ಸನ್ನೆ ಮಾಡಿದ.

ಅಬ್ಬಲದೇವಿ ಆಳುಗಳಿಗಿಂತ ಮುಂಚೆ ಓಡಿದಳು. ಅವಳೂ ಜಟ್ಟಿಯೂ ಸೇರಿ ನೀರಿನಡಿಯ ಗಂಟನ್ನು ತಡಕಿ ಬಿಚ್ಚಿದರು. ಮೇಲೆ ಬಂದ ಕುಪ್ಪಯ್ಯನ ಬಾಯಿಂದ ನೀರಷ್ಟೇ ಇಳಿಯಿತು. ಜಟ್ಟಿ ಅವನ ಕೆನ್ನೆ ತಟ್ಟುತ್ತ ಅಣ್ಣಾ, ಅಣ್ಣಾ ಎನ್ನುತ್ತಲೇ ಇದ್ದ.

ಅರಸ ದಡದಲ್ಲಿ ನಿಂತು, ಅರ್ಧ ಕರಾವಳಿ ನಿನ್ನದು, ನಾಳೆಗೆ ಮದುವೆ ಎಂದ. ಮನೆಯಲ್ಲಿ ಸೂತಕವಿದೆ, ಕೆಲವು ದಿನ ತಾಳಿ ಎಂದು ಜಟ್ಟಿ ಬೇಡಿಕೊಂಡ.

"ಡಂಗುರದಲ್ಲಿ ಸೂತಕದ ಮಾತಿಲ್ಲ," ಎಂದ ಅರಸ.

ಅಣ್ಣನ ಚಿತೆಯ ಹೊಗೆ ಇನ್ನೂ ಏಳುತ್ತಿರುವಾಗಲೇ ಜಟ್ಟಿ ಅಬ್ಬಲದೇವಿಗೆ ತಾಳಿ ಕಟ್ಟಿದ.