ಬಯಕೆ ಕಟ್ಟೆ

ಕರೇಗುಡ್ಡದ ನಮ್ಮ ಪದವಿ ಕಾಲೇಜಿಗೆ ಬರುವವರು ಹೆದ್ದಾರಿಯಲ್ಲಿ ಬಸ್ಸಿಳಿದು ಗೇಟು ದಾಟಿದರೆ ಕಟ್ಟಡ ಎದುರಿಗೇ ಕಾಣುತ್ತದೆ. ಕಾಣುತ್ತದೆ ಅಷ್ಟೇ, ಬೇಗ ಸಿಕ್ಕುವುದಿಲ್ಲ. ನಡುವೆ ಇರುವುದು ಒಂದು ಉದ್ದನೆಯ ಏರುದಾರಿ, ಮೇಲೆ ಬಳ್ಳಾರಿ ಸೀಮೆಯ ಬಿಸಿಲು. ಆ ದಾರಿ ದಾರ ಹಿಡಿದು ಎಳೆದಂತೆ ನೆಟ್ಟಗೆ ಬಂದು, ಅರ್ಧದಲ್ಲಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು, ಒಂದು ಹೊಂಗೆ ಮರವನ್ನೂ ಅದರ ಬುಡದ ಕಲ್ಲುಕಟ್ಟೆಯನ್ನೂ ಬಳಸಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಹೊಸದಾಗಿ ವರ್ಗವಾಗಿ ಬಂದ ಅಧ್ಯಾಪಕರು ಕಟ್ಟೆಯ ಮೇಲೆ ಚೀಲ ಇಟ್ಟು, ಬೆವರು ಒರೆಸಿಕೊಂಡು, ಇದೇಕೆ ಹೀಗೆ ದಾರಿಗೆ ಅಡ್ಡ ಎಂದು ಕೇಳುತ್ತಾರೆ. ಬಯಕೆ ಕಟ್ಟೆ ಎಂದರೆ ನಗುತ್ತಾರೆ. ಇಪ್ಪತ್ತು ವರ್ಷದಿಂದ ಈ ಏರು ಹತ್ತುತ್ತಿರುವ ನನಗೆ ಆ ಕಥೆ ಹೇಳುವುದೂ ಒಂದು ಕೆಲಸವಾಗಿದೆ. ಹೇಗೂ ಏದುಸಿರು ಇಳಿಯುವವರೆಗೆ ಕೂರಲೇಬೇಕು.

ಹಿಂದೆ ಒಮ್ಮೆ, ಕಾಲೇಜು ಹೊಸದಾಗಿದ್ದ ಕಾಲದಲ್ಲಿ, ಈ ಏರಿನ ತುಂಬ ಬೇವು, ಹುಣಸೆ ಇದ್ದವು ಎನ್ನುತ್ತಾರೆ. ಮೊದಲ ಪ್ರಿನ್ಸಿಪಾಲರಾದ ವಿರೂಪಾಕ್ಷಯ್ಯನವರಿಗೆ ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಕಟ್ಟಡ ಕಾಣಬೇಕೆಂಬ ಹಂಬಲ. ಮರಗಳನ್ನು ಕಡಿಸಿದರು. ನೆರಳಿದ್ದರೆ ಹುಡುಗರು ಕೂರುತ್ತಾರೆ, ಕೂತರೆ ಹರಟುತ್ತಾರೆ, ಹರಟಿದರೆ ಕೆಡುತ್ತಾರೆ ಎಂಬ ಸಿದ್ಧಾಂತವೂ ಅವರಿಗಿತ್ತಂತೆ. ಮನುಷ್ಯ ಕೆಟ್ಟವರಲ್ಲ, ಜೀಪಿನಲ್ಲಿ ಬರುತ್ತಿದ್ದರು, ಅಷ್ಟೇ. ಆಗ ಕೊನೆಯ ವರ್ಷದ ಬಿ.ಎ.ಯಲ್ಲಿ ಕೊಟ್ರಮ್ಮ ಎಂಬ ಹುಡುಗಿ ಓದುತ್ತಿದ್ದಳು. ಮದುವೆಯಾಗಿತ್ತು, ಏಳು ತಿಂಗಳ ಬಸುರಿ. ಪರೀಕ್ಷೆ ಏಪ್ರಿಲ್ ತಿಂಗಳಲ್ಲಿ, ಅದೂ ನಡುಮಧ್ಯಾಹ್ನ. ಈ ಸಲ ಬರೆದರೆ ಉಂಟು, ಹೆರಿಗೆಯಾದ ಮೇಲೆ ಕಾಲೇಜಿನ ಮಾತೆತ್ತಬಾರದು ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದಳು. ಒಂದು ದಿನ ಏರಿನ ಅರ್ಧಕ್ಕೆ ಬಂದವಳು ಕಣ್ಣಿಗೆ ಕತ್ತಲೆ ಕವಿದು ಬಿದ್ದಳು. ಮೈಸೂರು ಕಡೆಯಿಂದ ಬಂದಿದ್ದ ಕನ್ನಡ ಅಧ್ಯಾಪಕಿ ಇಂದುಮತಿ ಮೇಡಂ ನೀರು ಚಿಮುಕಿಸಿ ಎಬ್ಬಿಸಿದರು. ಆಮೇಲೆ ಹೋಗಿ, ದಾರಿಯಲ್ಲಿ ಒಂದಿಷ್ಟು ನೆರಳು ಮಾಡಿಸಿ ಎಂದು ಪ್ರಿನ್ಸಿಪಾಲರನ್ನು ಕೇಳಿಕೊಂಡರು. ಮೇಲಿನವರಿಗೆ ಬರೆಯೋಣ ಎಂದರು ಅವರು. ಬರೆದರೋ ಇಲ್ಲವೋ ತಿಳಿಯದು. ನಮ್ಮಲ್ಲಿ ಅದು ಇಂದಿಗೂ ತಿಳಿಯುವುದಿಲ್ಲ.

ಅಷ್ಟರಲ್ಲಿ ಕಾಲೇಜಿನ ಹೆಂಗಸರೆಲ್ಲ ಸೇರಿ ಸ್ಟಾಫ್ ರೂಮಿನಲ್ಲೇ ಕೊಟ್ರಮ್ಮನಿಗೆ ಕುಬಸ, ಎಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿ ಆರತಿ. ಬಸುರಿಯ ಬಯಕೆಯನ್ನು ಬಾಯಿಬಿಟ್ಟು ಕೇಳಿದವರು ತೀರಿಸಲೇಬೇಕು, ಇಲ್ಲದಿದ್ದರೆ ಆ ಕೊರಗು ಕೂಸಿಗೆ ತಟ್ಟುತ್ತದೆ ಎಂಬುದು ಈ ಸೀಮೆಯ ನಂಬಿಕೆ. ಹೋಳಿಗೆಯ ವಾಸನೆ ಹಿಡಿದು ಬಂದ ವಿರೂಪಾಕ್ಷಯ್ಯನವರು ಮನೆಯ ಹಿರಿಯರ ಧಾಟಿಯಲ್ಲಿ ಎಲ್ಲರೆದುರು ಕೇಳಿಯೇಬಿಟ್ಟರು.

"ಏನವ್ವಾ, ಏನು ಬಯಕಿ ನಿನಗ? ನಾಚಬ್ಯಾಡ, ಹೇಳು."

"ಹೇಳಿದ್ರ ತೀರಸ್ತೀರೇನ್ರಿ ಸಾರ್?"

"ತವರುಮನಿ ಅಂತ ತಿಳಕ. ಮಾವಿನಕಾಯೋ, ಮಿರ್ಚಿ ಒಗ್ಗರಣಿಯೋ?"

"ಅವು ಮನ್ಯಾಗೂ ಸಿಗ್ತಾವ್ರಿ," ಎಂದಳು ಕೊಟ್ರಮ್ಮ. "ದಾರಿ ಅರ್ಧಕ್ಕ, ನಾ ಬಿದ್ದೆನಲ್ರಿ, ಅಲ್ಲಿ ಕುಂದ್ರಾಕ ಒಂದು ಕಲ್ಲು, ತಲಿ ಮ್ಯಾಲ ಇಷ್ಟು ನೆಳ್ಳು ಬೇಕಾಗೇತ್ರಿ."

ಆರತಿ ತಟ್ಟೆ ಹಿಡಿದಿದ್ದ ಇಂದುಮತಿ ಮೇಡಂ, "ಇದನ್ನ ಮೇಲಿನವರಿಗೆ ಬರೆಯೋಕಾಗಲ್ಲ ಸರ್," ಎಂದರಂತೆ.

ಬಯಕೆ ಹೆರಿಗೆಗೆ ಮೊದಲೇ ತೀರಬೇಕು. ಮರ ಬೆಳೆಯಲಿ ಎಂದು ಕಾಯುವಂತಿಲ್ಲ. ಪ್ರಿನ್ಸಿಪಾಲರು ಅವಳು ಬಿದ್ದ ಜಾಗದಲ್ಲೇ, ದಾರಿಯ ನಟ್ಟನಡುವೆ, ಗಳ ನೆಟ್ಟು ತೆಂಗಿನ ಗರಿಯ ಚಪ್ಪರ ಹಾಕಿಸಿ, ಕಟ್ಟಡಕ್ಕೆ ತಂದು ಉಳಿದಿದ್ದ ಚಪ್ಪಡಿಗಳನ್ನು ಜೋಡಿಸಿದರು. ಕೊಟ್ರಮ್ಮ ಅಲ್ಲಿ ಕೂತು, ನೀರು ಕುಡಿದು, ಎದ್ದು ಹೋಗಿ ಎಲ್ಲ ಪರೀಕ್ಷೆಗಳನ್ನೂ ಬರೆದಳು. ಪರೀಕ್ಷೆ ಮುಗಿದದ್ದೇ ತಡ, ಜೀಪಿಗೆ ಅಡ್ಡವಾಗುತ್ತದೆಂದು ಪ್ರಿನ್ಸಿಪಾಲರು ಚಪ್ಪರ ಕೀಳಿಸಲು ಹೊರಟರು. "ಕೊಟ್ಟ ಬಯಕೇನ ಕಿತ್ಕೊಳ್ತಾರಾ ಸರ್? ಕೂಸು ಇನ್ನೂ ಹೊಟ್ಟೇಲಿದೆ," ಎಂದು ಇಂದುಮತಿ ಮೇಡಂ ತಡೆದರು. ಹೆರಿಗೆಯ ಹೊತ್ತಿಗೆ ಚಪ್ಪರದ ಅಂಚಿನಲ್ಲಿ ಒಂದು ಹೊಂಗೆ ಸಸಿ ಚಿಗುರಿತ್ತು. ಮೇಡಂ ನೆಟ್ಟದ್ದೆಂದು ಕೆಲವರು, ತಾನಾಗಿ ಹುಟ್ಟಿದ್ದೆಂದು ಕೆಲವರು ಎನ್ನುತ್ತಾರೆ. ಜೀಪು ಪಕ್ಕಕ್ಕೆ ಸರಿದು ಹೋಗುವುದನ್ನು ಕಲಿಯಿತು. ಮುಂದೆ ಟಾರು ಹಾಕಲು ಬಂದವರು ಜೀಪಿನ ಜಾಡನ್ನೇ ಹಿಡಿದರು. ಕೊಟ್ರಮ್ಮ ಪಾಸಾದಳು. ಆ ಮರದ ನೆರಳಿನಲ್ಲಿ ಕೂರಲು ಮಾತ್ರ ಮತ್ತೆ ಬರಲಿಲ್ಲ.

ಬಸುರಿ ವಿದ್ಯಾರ್ಥಿನಿಯರಿಗೆ ಕುಬಸ ಮಾಡುವುದು ನಮ್ಮಲ್ಲಿ ಈಗಲೂ ಉಂಟು. ಆಯಾ ಕಾಲದ ಪ್ರಿನ್ಸಿಪಾಲರು ಬರುತ್ತಾರೆ, ಅಕ್ಷತೆ ಹಾಕುತ್ತಾರೆ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಾರೆ. ಬಯಕೆ ಏನೆಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಜಾಗ್ರತೆಯನ್ನು ಚಾರ್ಜಿನ ಜೊತೆಗೇ ಒಬ್ಬರಿಂದ ಒಬ್ಬರು ವಹಿಸಿಕೊಳ್ಳುತ್ತಾರೆಂದು ನನ್ನ ಅನುಮಾನ. ಹಾಗಾಗಿ ಇಷ್ಟು ವರ್ಷಕ್ಕೂ ಕಟ್ಟೆ ಒಂದೇ. ಬಂದವರು ಹೊಂಗೆಯ ಕೊಂಬೆಗಳಲ್ಲಿ ಕುಬಸವಾದವರು ಕಟ್ಟಿಹೋದ, ತೂಗುವ ಹಸಿರು ಬಳೆಗಳನ್ನು ನೋಡಬಹುದು. ಬುತ್ತಿ ಬಿಚ್ಚಿ ಕೂತ ಹುಡುಗಿಯರನ್ನೂ, ಬಸುರಿ ಹೆಂಗಸಿಗೆ ಹಾದಿ ಬಿಟ್ಟವರ ಹಾಗೆ ಪಕ್ಕಕ್ಕೆ ಸರಿದ ದಾರಿಯನ್ನೂ ನೋಡಬಹುದು. ಅಲ್ಲಿಂದ ಮೇಲೆ, ಕಟ್ಟಡದವರೆಗೂ, ಬಿಸಿಲೇ. ಚೀಲ ಹೆಗಲಿಗೇರಿಸಿ ಏಳಬೇಕು.