ತಿಪ್ಪೆಯ ಮೇಲೆ ಕುಂಬಳ ತಾನಾಗಿ ಏಳುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದಾಗಿನ ಮಾತು ಇದು, ಮಗಾ. ಆಗ ಬೀಜಗಳು ತಮ್ಮಷ್ಟಕ್ಕೆ ಮೊಳೆಯುತ್ತಿರಲಿಲ್ಲ. ಬಿತ್ತಿದವರು ಹೆಸರು ಹಿಡಿದು ಕರೆಯಬೇಕಿತ್ತು. "ಅವರೆ, ಏಳವ್ವ" ಅಂದರೆ ಅವರೆ ಏಳೋದು. "ಹೀರೆ, ಏಳವ್ವ" ಅಂದರೆ ಹೀರೆ ಏಳೋದು. ಕರೆಯದಿದ್ದರೆ ನಿದ್ದೆ.

ಕೆಂಪಾಜಿ ಅಂತ ಒಬ್ಬಳು ಹೆಂಗಸು. ಒಂದು ದಿನ ಕುಂಬಳಕಾಯಿ ಹೆಚ್ಚಿದಳು. ಲೋಕದಲ್ಲಿ ಆಗ ಇದ್ದದ್ದೇ ಅದೊಂದು ಕುಂಬಳ. ದಪ್ಪ ಬೀಜಗಳನ್ನೆಲ್ಲ ಆರಿಸಿ, ಸಗಣಿಯಲ್ಲಿ ಕಲಸಿ, ಮುಂದಿನ ಬಿತ್ತನೆಗೆ ಅಂತ ಗೋಡೆಗೆ ತಟ್ಟಿದಳು. ಕೊನೆಗೊಂದು ಪೀಚು ಬೀಜ ಉಳಿಯಿತು. "ನೀನು ಜೊಳ್ಳು, ಹೋಗು" ಅಂತ ಸಿಪ್ಪೆ ಜೊತೆ ತಿಪ್ಪೆಗೆ ಎಸೆದಳು.

ಪೀಚು ಬೀಜಕ್ಕೆ ಅಳು ಬಂತು. "ತಿಪ್ಪೆಯಮ್ಮ, ನಾನಿನ್ನು ಕೊಳೆತು ಗೊಬ್ಬರ ಆಗಿಬಿಡ್ತೀನಾ?"

"ಮಳೆ ಬಂದ್ರೆ ಆಗ್ತೀಯ" ಅಂದಿತು ತಿಪ್ಪೆ. "ಇಲ್ಲಿಗೆ ಬಂದೋರೆಲ್ಲ ಆಗಿದ್ದೇ ಅದು. ಅಲ್ಲೀವರೆಗೆ ಬೆಚ್ಚಗೆ ಮಲಗು. ಬಾಳೆಸಿಪ್ಪೆ ಹೊದ್ಕೋ."

ಮಳೆ ಬಂತು. ಕೆಂಪಾಜಿ ಗೋಡೆಯ ಬೆರಣಿ ಬಿಡಿಸಿ, ಹೊಲದಲ್ಲಿ ಬೀಜ ಊರಿ ಕರೆದಳು. "ಕುಂಬಳ, ಏಳವ್ವ." ಮೂರು ದಿನ ಕರೆದಳು. ಐದು ದಿನ ಕರೆದಳು. ಏಳೋದು ಹೇಗೆ? ಬೇಗ ಒಣಗಲಿ ಅಂತ ಒಲೆಯ ಹಿಂದಿನ ಗೋಡೆಗೇ ತಟ್ಟಿದ್ದಳಲ್ಲ ಪುಣ್ಯಾತ್ಗಿತ್ತಿ, ಬೀಜಗಳೆಲ್ಲ ಹುರಿದುಹೋಗಿದ್ದವು. ಆರನೇ ದಿನ ಅವಳ ದನಿಯೇ ಒಡೆದುಹೋಯಿತು.

ತಿಪ್ಪೆಯೊಳಗೆ ಪೀಚು ಬೀಜದ ಎದೆ ಡವಡವ. ಮಳೆಗೆ ಅದರ ಮೈ ಆಗಲೇ ಮೆತ್ತಗಾಗಿತ್ತು. "ತಿಪ್ಪೆಯಮ್ಮ, ನನ್ನ ಕರೀತಾವ್ಳೆ."

"ನಿನ್ನಲ್ಲ ಕಣೆ. ಹೊಲದಲ್ಲಿರೋ ದಪ್ಪನೆಯವರನ್ನ."

"ನಾನೂ ಕುಂಬಳಾನೇ ಅಲ್ವಾ?"

ತಿಪ್ಪೆ ಹೊಟ್ಟೆ ಕುಲುಕಿಸಿ ನಕ್ಕಿತು. "ಅದೂ ಸರೀನೇ. ಹಂಗಾದ್ರೆ ಏಳು. ನನ್ನ ಬಿಸೀನೆಲ್ಲ ತಗೋ."

ಬೀಜ ಬಿರಿಯಿತು. ಬೇರು ಕೆಳಗೆ, ಎಲೆ ಮೇಲೆ, ಬಳ್ಳಿ ಓಡಿತು ನೋಡು, ತಿಪ್ಪೆ ಇಳಿದು, ಬೇಲಿ ಹತ್ತಿ, ಹಿತ್ತಲ ಬಾಗಿಲಿಗೇ ಬಂತು. ಕಸದ ಮಂಕರಿ ಹೊತ್ತು ಬಂದ ಕೆಂಪಾಜಿಯ ಕಾಲಿಗೆ ಕುಡಿ ಸುತ್ತಿಕೊಂಡಿತು.

"ನಿನ್ನ ಯಾರೇ ಕರೆದ್ರು?"

"ನೀನೇ ಅಲ್ವೇನಮ್ಮ, ಆರು ದಿನದಿಂದ ಗಂಟಲು ಹರ್ಕೊಂಡಿದ್ದು."

ಕೆಂಪಾಜಿ ಮಂಕರಿ ಇಳಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ನಗು, ಅಳು ಎರಡೂ ಒಟ್ಟಿಗೇ ಬಂದವು. "ಜೊಳ್ಳು ಅಂದುಬಿಟ್ಟೆ ನಿನ್ನ. ಇನ್ಮೇಲೆ ತಿಪ್ಪೆಗೆ ಬಿದ್ದೋರು ಯಾರೂ ನನಗಾಗಿ ಕಾಯಬೇಡಿ. ಮನಸು ಬಂದಾಗ ಏಳಿ."

ಅದಕ್ಕೇ ಕಂದ, ಹೊಲದ ಬೀಜ ಉತ್ತು ಬಿತ್ತೋರಿಗಾಗಿ ಕಾಯುತ್ತಾ ಕೂತಿದ್ದರೂ, ಮೊದಲ ಮಳೆ ಬಿದ್ದ ವಾರಕ್ಕೇ ನಮ್ಮ ತಿಪ್ಪೆಯ ಮೇಲೆ ಯಾರೂ ಹಾಕದ ಕುಂಬಳ ಎರಡೆಲೆ ಬಿಚ್ಚಿ ನಿಂತಿರುತ್ತೆ.